ಮೆಣಸಿಗೆ ಗಾಮಾ ಕಿರಣ ಹಾಯಿಸಿದರೆ ಏನಂತೆ?

ಆಹಾರಕ್ಕೆ ವಿಕಿರಣ ಅಂದ ಕೂಡಲೇ ಜನ ಹೌಹಾರುತ್ತಾರೆ. ಅದೇ ಮಸಾಲೆಗೆ ಎಥಿಲೀನ್ ಆಕ್ಸೈಡ್ ಗ್ಯಾಸ್ ಕೊಟ್ಟಿದ್ದಾರೆ ಅಂದರೆ ತಲೆಯೇ ಕೆಡಿಸಿಕೊಳ್ಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಾಪುರದವರು ನಮ್ಮ ದೇಶದ ಕೆಲವು ಮಸಾಲೆ ಪುಡಿಗಳನ್ನು ಅಂಗಡಿಗಳಿಂದ ತೆಗೆಸಿದ್ದು ಈ ಗ್ಯಾಸಿನ ಅಂಶ ಸಿಕ್ಕಿತು ಅಂತಲೇ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ಗ್ಯಾಸ್ ಕೊಡುವುದಾದರೂ ಯಾಕೆ? ಬ್ಯಾಕ್ಟೀರಿಯಾ ಕೊಲ್ಲಲು. ಮಲೆನಾಡಿನ ಅಂಗಳದಲ್ಲಿ ಕಾಳುಮೆಣಸು ಒಣಗುವುದನ್ನು ನೋಡಿದವರಿಗೆ ಗೊತ್ತು. ದಿನಗಟ್ಟಲೆ ಹರವಿರುತ್ತಾರೆ. ಕೋಳಿ ಅದರ ಮೇಲೇ ಕೆದಕುತ್ತದೆ, ಹಕ್ಕಿ ಹಿಕ್ಕೆ ಹಾಕುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸೇರಲು ಇನ್ನೇನು ಬೇಕು? ಒಣಗಿದ ಕಾಳಿನಲ್ಲಿ ಅದು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸಾಯದೆ ಕೂತಿರುತ್ತದೆ. ಸಾರಿಗೆ ಹಾಕಿದರೆ ಕುದ್ದು ಸಾಯುತ್ತದೆ, ಸರಿ. ಹೆಚ್ಚಿದ ಸೌತೆಕಾಯಿ ಮೇಲೆ ಉದುರಿಸಿಕೊಂಡರೆ? 2009–10ರಲ್ಲಿ ಅಮೆರಿಕದಲ್ಲಿ ಸಲಾಮಿ ಅನ್ನುವ ಮಾಂಸದ ತಿನಿಸು ತಿಂದು 44 ರಾಜ್ಯಗಳಲ್ಲಿ 270ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. ಹುಡುಕುತ್ತಾ ಹೋದರೆ ಬ್ಯಾಕ್ಟೀರಿಯಾ ಸಿಕ್ಕಿದ್ದು ಅದಕ್ಕೆ ಸವರಿದ್ದ ಮೆಣಸಿನಲ್ಲಿ.

ಗ್ಯಾಸಿನ ಆ ಕೆಲಸವನ್ನು ಗಾಮಾ ಕಿರಣವೂ ಮಾಡುತ್ತದೆ. ಗಾಮಾ ಘಟಕದಲ್ಲಿ ಈ ಕಿರಣ ಸೂಸುವ ಕೋಬಾಲ್ಟ್-60 ಸರಳುಗಳನ್ನು ಆಳವಾದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಇಟ್ಟಿರುತ್ತಾರೆ. ಸುತ್ತ ದಪ್ಪ ಕಾಂಕ್ರೀಟ್ ಗೋಡೆ. ಸರಳುಗಳನ್ನು ಮೇಲೆತ್ತಿದಾಗ ಪ್ಯಾಕ್ ಮಾಡಿದ ಪೆಟ್ಟಿಗೆಗಳು ಅವುಗಳ ಸುತ್ತ ಹಾದುಹೋಗುತ್ತವೆ. ಕಿರಣ ಬ್ಯಾಕ್ಟೀರಿಯಾದ ಡಿಎನ್‌ಎ ಕತ್ತರಿಸುತ್ತದೆ, ಅಷ್ಟೇ. ಎಕ್ಸ್‌ರೇ ತೆಗೆಸಿಕೊಂಡ ಕೈಯಿಂದ ಕಿರಣ ಬರುವುದಿಲ್ಲ ಅಲ್ವಾ, ಮೆಣಸೂ ಹಾಗೇ. ಬಿಸಿ ತಟ್ಟುವುದಿಲ್ಲವಾದ್ದರಿಂದ ಘಾಟೂ ಹೋಗುವುದಿಲ್ಲ. ನವಿ ಮುಂಬೈನ ವಾಶಿಯಲ್ಲಿ ಸರ್ಕಾರದ ಘಟಕವೊಂದು 2000ದಿಂದ ಮಸಾಲೆಗೆ ಇದನ್ನೇ ಮಾಡುತ್ತಿದೆ. ನಮ್ಮ ಮಾಲೂರಿನಲ್ಲೂ ಘಟಕ ಇದೆ.

ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, ಆಗಷ್ಟೇ ಕಿರಣ ಹಾಯಿಸಿದ ಗೋಧಿ ತಿಂದ ಮಕ್ಕಳ ರಕ್ತಕಣಗಳಲ್ಲಿ ವರ್ಣತಂತುಗಳು (ಕ್ರೋಮೋಸೋಮ್) ಜಾಸ್ತಿಯಾಗಿವೆ ಅಂತ ವರದಿ ಮಾಡಿದರು. ಗುಂಪಿಗೆ ಐದೇ ಮಕ್ಕಳು. ಅದೂ ಅಪೌಷ್ಟಿಕ ಮಕ್ಕಳು. (ಅವರ ಮೇಲೆ ಇಂಥ ಪರೀಕ್ಷೆ ಮಾಡಿದ್ದೇ ನನಗೆ ಹೆಚ್ಚು ಕಸಿವಿಸಿ, ಇರಲಿ.) ಸರ್ಕಾರ ನೇಮಿಸಿದ ಸಮಿತಿ ಲೆಕ್ಕ ನೋಡಿ, ಈ ತೀರ್ಮಾನ ನಿಲ್ಲುವುದಿಲ್ಲ ಅಂದಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ, 10 ಕಿಲೋಗ್ರೇವರೆಗೆ (ಹಾಯಿಸಿದ ಕಿರಣದ ಪ್ರಮಾಣ ಅಳೆಯುವ ಮಾನ ಇದು) ಯಾವ ಆಹಾರಕ್ಕೂ ತೊಂದರೆಯಿಲ್ಲ ಅಂದಿತು. ಆದರೂ ಆ ಗೋಧಿಯ ಕಥೆ ಇನ್ನೂ ಓಡಾಡುತ್ತಲೇ ಇದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಅಂಗಳ ಎಷ್ಟು ಗಲೀಜಾಗಿದ್ದರೂ ಕೊನೆಗೆ ಕಿರಣ ಹಾಯಿಸಿದರಾಯಿತು ಅನ್ನುವ ವ್ಯಾಪಾರಿ ಬುದ್ಧಿ ಬಂದುಬಿಟ್ಟರೆ ಕಷ್ಟ. ಬೂಷ್ಟು ಹಿಡಿದು ಆಗಲೇ ಸೇರಿಕೊಂಡ ಅಫ್ಲಾಟಾಕ್ಸಿನ್ ವಿಷ ಇಷ್ಟು ಕಿರಣಕ್ಕೆಲ್ಲ ಜಗ್ಗುವುದಿಲ್ಲ. ಟಾರ್ಪಾಲು ಹಾಸಿ, ಕೋಳಿ ಓಡಿಸಿ, ಗರಿಗರಿಯಾಗಿ ಒಣಗಿಸುವುದು ಮೊದಲು. ಕಿರಣ ಆಮೇಲೆ.

ಕಿರಣ ಹಾಯಿಸಿದ ಪೊಟ್ಟಣದ ಮೇಲೆ ಹಸಿರು ರಡೂರಾ ಗುರುತು ಹಾಕಲೇಬೇಕು ಅಂತ ಕಾನೂನಿದೆ. ಅದನ್ನು ಮೂಲೆಯಲ್ಲಿ ಹುದುಗಿಸಬೇಡಿ, ಎದುರಿಗೇ ದೊಡ್ಡದಾಗಿ ಹಾಕಿ, ಕನ್ನಡದಲ್ಲಿ ಬರೆಯಿರಿ. ಹತ್ತು ರೂಪಾಯಿ ಜಾಸ್ತಿಯಾದರೂ ನಾನು ಅದನ್ನೇ ತಗೊಳ್ಳುತ್ತೇನೆ.