ಛತ್ರಿ ಇಲ್ಲದ ಅಳಿಯ

2024ರ ಜುಲೈ. ಬ್ರಿಟನ್ ಚುನಾವಣೆ ಮುಗಿದು ಮೂರು ವಾರ ಆಯಿತು. ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಇನ್ನೂ ಸೂತಕ ಕಳೆದಿಲ್ಲ. 'ಪಾಪ, ನಮ್ಮ ಅಳಿಯಂದಿರು' ಎಂದು ಚಿಕ್ಕಮ್ಮ ದಿನ ಬಿಟ್ಟು ದಿನ ಒಂದು ಅಳುವ ಮುಖ ಹಾಕುತ್ತಾರೆ. 2009ರಲ್ಲಿ ನಾರಾಯಣ ಮೂರ್ತಿಯವರ ಮಗಳನ್ನು ಬೆಂಗಳೂರಿನಲ್ಲಿ ಮದುವೆಯಾದ ತಪ್ಪಿಗೆ, ಸೋತು ಹೋದ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ರಿಷಿ ಸುನಕ್ ನಮ್ಮ ಮನೆಯವರಿಗೆಲ್ಲ ಅಳಿಯ. ಅವರು ಹುಟ್ಟಿದ್ದು ಸೌತಾಂಪ್ಟನ್ನಿನಲ್ಲಿ, ಬೇರು ಇರುವುದು ಪಂಜಾಬಿನಲ್ಲಿ, ಅಪ್ಪ ಅಮ್ಮ ಬಂದದ್ದು ಆಫ್ರಿಕಾದಿಂದ. ಇರಲಿ ಬಿಡಿ. ಜಯನಗರದ ಲೆಕ್ಕದಲ್ಲಿ ಹುಡುಗಿ ಕೊಟ್ಟಾಯಿತು ಅಂದರೆ ಮುಗಿಯಿತು.

ಚಿಕ್ಕಮ್ಮನಿಗೆ ಇವತ್ತಿಗೂ ಬಗೆಹರಿಯದ ಪ್ರಶ್ನೆ ಒಂದೇ. 'ಅಷ್ಟು ದೊಡ್ಡ ಮನೆಯಲ್ಲಿ ಒಂದು ಛತ್ರಿ ಇರಲಿಲ್ವೇನೋ?'

ನೀವೂ ನೋಡಿರುತ್ತೀರಿ. ಮೇ 22ರ ಸಂಜೆ, ಡೌನಿಂಗ್ ಸ್ಟ್ರೀಟ್, 10ನೇ ನಂಬರ್ ಬಾಗಿಲು. ಚುನಾವಣೆ ಘೋಷಿಸಲು ಪ್ರಧಾನಿ ಹೊರಗೆ ಬಂದು ನಿಂತರು. ಮಳೆಯೂ ಬಂತು. ಸೂಟಿನ ಭುಜ ಮೊದಲು ಚುಕ್ಕಿ ಚುಕ್ಕಿಯಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಎಣ್ಣೆ ಸವರಿದ ಹಾಗೆ ಮಿನುಗತೊಡಗಿತು. ಗೇಟಿನ ಆಚೆ ಒಬ್ಬ ಪ್ರತಿಭಟನಾಕಾರ ಲೌಡ್ ಸ್ಪೀಕರ್ ಇಟ್ಟು, ಲೇಬರ್ ಪಕ್ಷ 1997ರಲ್ಲಿ ಗೆದ್ದಾಗಿನ ಪ್ರಚಾರದ ಹಾಡನ್ನೇ ಕಿವಿ ಕಿತ್ತುಹೋಗುವ ಹಾಗೆ ಹಾಕಿದ್ದ. ಪುಣ್ಯಾತ್ಮರು ನಿಲ್ಲಿಸಲಿಲ್ಲ. ದೇಶ ಈಗ ಭದ್ರವಾದ ಕೈಯಲ್ಲಿರಬೇಕು ಎಂಬರ್ಥದ ಮಾತನ್ನು, ಮೂಗಿನ ತುದಿಯಿಂದ ಹನಿ ತೊಟ್ಟಿಕ್ಕುತ್ತಿರುವಾಗ ಹೇಳಿ ಮುಗಿಸಿದರು. ಪಕ್ಕದ 9ನೇ ನಂಬರಿನಲ್ಲಿ, ಬೋರಿಸ್ ಜಾನ್ಸನ್ ಕಾಲದಲ್ಲಿ 26 ಲಕ್ಷ ಪೌಂಡ್ ಸುರಿದು ಮಾಡಿಸಿದ ಪತ್ರಿಕಾಗೋಷ್ಠಿಯ ಕೋಣೆಯೇ ಇತ್ತು. ಅದಕ್ಕೆ ಸೂರೂ ಇತ್ತು.

ನಮ್ಮಲ್ಲಿ ರಾಜಕಾರಣಿಯನ್ನು ಬೈಯಬೇಕಾದರೆ 'ಅವನೊಬ್ಬ ಛತ್ರಿ' ಅನ್ನುತ್ತೇವೆ. ಛತ್ರಿ ಇಲ್ಲದ್ದಕ್ಕೆ ರಾಜಕಾರಣಿಯನ್ನು ಬೈದ ದೇಶ ಅದೊಂದೇ ಇರಬೇಕು.

ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ. ವೇಲ್ಸ್‌ಗೆ ಹೋಗಿ ಬಿಯರ್ ಕಾರ್ಖಾನೆಯ ಕೆಲಸಗಾರರನ್ನು 'ಯೂರೋ ಫುಟ್ಬಾಲ್ ಬರ್ತಿದೆ, ಖುಷಿನಾ?' ಅಂತ ಕೇಳಿದರು. ವೇಲ್ಸ್ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲ. ಅಲ್ಲಿಂದ ಬೆಲ್‌ಫಾಸ್ಟ್. ಅಷ್ಟು ದೊಡ್ಡ ಊರಿನಲ್ಲಿ ಇವರನ್ನು ಕರೆದುಕೊಂಡು ಹೋದದ್ದು ಟೈಟಾನಿಕ್ ಕಟ್ಟಿದ ಜಾಗಕ್ಕೆ. ಮುಳುಗುವ ಹಡಗಿನ ಕ್ಯಾಪ್ಟನ್ ನೀವೇನಾ ಎಂದು ಪತ್ರಕರ್ತರೊಬ್ಬರು ಕೇಳಿಯೂ ಬಿಟ್ಟರು. ಕೇಳದೆ ಇರುತ್ತಾರಾ? ಪ್ರವಾಸದ ಪಟ್ಟಿ ತಯಾರಿಸಿದವನು ಯಾರೋ, ಅವನು ಖಂಡಿತ ಲೇಬರ್ ಪಕ್ಷಕ್ಕೇ ವೋಟು ಹಾಕಿರುತ್ತಾನೆ.

ನನಗೆ ಬ್ರಿಟಿಷ್ ಮತದಾರರ ಮೇಲೆ ಅಪಾರ ಗೌರವ. ಪ್ರಣಾಳಿಕೆ ಓದಿ ಟೈಮ್ ವೇಸ್ಟ್ ಮಾಡುವವರಲ್ಲ ಅವರು. ಮನುಷ್ಯ ತಿನ್ನುವುದನ್ನು ನೋಡಿಯೇ ಅಳೆದುಬಿಡುತ್ತಾರೆ. 2014ರಲ್ಲಿ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಬೆಳಗಿನ ಜಾವ ಲಂಡನ್ನಿನ ಹೂವಿನ ಮಾರುಕಟ್ಟೆಗೆ ಹೋದರು. ಹೊಟ್ಟೆ ಹಸಿದಿತ್ತೋ, ಜನಸಾಮಾನ್ಯರಂತೆ ಕಾಣಬೇಕಿತ್ತೋ, ಒಂದು ಬೇಕನ್ ಸ್ಯಾಂಡ್‌ವಿಚ್ ಕಚ್ಚಿದರು. ಕಣ್ಣು ಒಂದು ಕಡೆ, ತುಟಿ ಒಂದು ಕಡೆ ಇರುವ ಕ್ಷಣದಲ್ಲಿ ಕ್ಯಾಮೆರಾ ಕ್ಲಿಕ್ ಅಂದಿತು. ಒಂದು ವರ್ಷ ಕಾದು, 2015ರ ಮತದಾನದ ಹಿಂದಿನ ದಿನ 'ದಿ ಸನ್' ಪತ್ರಿಕೆ ಅದೇ ಫೋಟೋವನ್ನು ಮುಖಪುಟದ ತುಂಬ ಹಾಕಿತು. ಮಿಲಿಬ್ಯಾಂಡ್ ಸೋತರು. ಮಂಡ್ಯದ ಕಡೆ ಪ್ರಚಾರಕ್ಕೆ ಹೋಗಿ ಮುದ್ದೆ ಅಗಿದ ಅಭ್ಯರ್ಥಿಯನ್ನು ನೆನೆಸಿಕೊಳ್ಳಿ. ನುಂಗಬೇಕು ಸ್ವಾಮಿ, ಅಗಿದರೆ ಡಿಪಾಸಿಟ್ ಹೋಗುತ್ತದೆ.

ಪ್ರಧಾನಿಯಾಗಿದ್ದ ತೆರೇಸಾ ಮೇ ಅವರದು ಇನ್ನೊಂದು ಕಥೆ. ನೀವು ಮಾಡಿದ ಅತಿ ದೊಡ್ಡ ತುಂಟಾಟ ಯಾವುದು ಎಂದು 2017ರಲ್ಲಿ ಟಿವಿಯವರು ಕೇಳಿದರು. ಆಕೆ ತಬ್ಬಿಬ್ಬಾಗಿ, ಬಹಳ ಯೋಚಿಸಿ, ಚಿಕ್ಕವಳಿದ್ದಾಗ ಗೋಧಿ ಹೊಲದಲ್ಲಿ ಓಡಾಡಿದ್ದೆವು, ರೈತರಿಗೆ ಬೇಜಾರಾಗಿತ್ತು ಅಂದರು. ಬಹುಮತ ಹೋಯಿತು. ಬೋರಿಸ್ ಜಾನ್ಸನ್ 2019ರಲ್ಲಿ ಮತದಾನಕ್ಕೆ ಒಂದು ದಿನ ಇರುವಾಗ ಪತ್ರಕರ್ತನಿಂದ ತಪ್ಪಿಸಿಕೊಳ್ಳಲು ಡೇರಿಯೊಂದರ ದೊಡ್ಡ ಫ್ರಿಜ್ಜಿನೊಳಗೆ ಹೊಕ್ಕರು. ಅವರಿಗೆ 365 ಸೀಟು ಬಂತು. ಇದರಿಂದ ಏನು ಪಾಠ ಕಲಿಯಬೇಕೋ ನನಗಂತೂ ತಿಳಿಯಲಿಲ್ಲ. ಹೊಲಕ್ಕಿಂತ ಫ್ರಿಜ್ಜು ವಾಸಿ ಅಂತಲೋ ಏನೋ.

ಈ ಸಲದ ಚುನಾವಣೆಯ ವಿಶೇಷ ಬಡತನದ ಪಂದ್ಯ. ಬಾಲ್ಯದಲ್ಲಿ ಯಾರು ಜಾಸ್ತಿ ಕಷ್ಟಪಟ್ಟಿದ್ದರು ಎಂಬುದು.

ಸುನಕ್ ದಂಪತಿಯ ಆಸ್ತಿ ಸಂಡೇ ಟೈಮ್ಸ್ ಶ್ರೀಮಂತರ ಪಟ್ಟಿಯ ಪ್ರಕಾರ 65 ಕೋಟಿ 10 ಲಕ್ಷ ಪೌಂಡ್. ಇಂಥವರು ಜನಸಾಮಾನ್ಯರಾಗಿ ಕಾಣಬೇಕು ಅಂದರೆ ಕಷ್ಟವೇ. 2022ರಲ್ಲಿ ಹಣಕಾಸು ಮಂತ್ರಿಯಾಗಿದ್ದಾಗ ಒಮ್ಮೆ ಪ್ರಯತ್ನಿಸಿದ್ದರು. ಸೂಪರ್ ಮಾರ್ಕೆಟ್ ನೌಕರರೊಬ್ಬರ ಪುಟ್ಟ ಕಿಯಾ ಕಾರನ್ನು ಕಡ ತಂದು ಪೆಟ್ರೋಲ್ ಹಾಕುವ ಫೋಟೋ ತೆಗೆಸಿದರು. ಆಮೇಲೆ ಕೌಂಟರಿನಲ್ಲಿ ದುಡ್ಡು ಕೊಡಲು ಹೋಗಿ ಕಾರ್ಡನ್ನು ಬಾರ್‌ಕೋಡ್ ಓದುವ ಯಂತ್ರಕ್ಕೆ ತೋರಿಸುತ್ತ ನಿಂತರು. ಖಜಾನೆ ಇವರ ಕೈಯಲ್ಲಿತ್ತು, ಗಮನಿಸಿ.

ಈಗ ಈ ಜೂನ್ 6. ಎರಡನೇ ಮಹಾಯುದ್ಧದ ನಾರ್ಮಂಡಿ ದಂಡಯಾತ್ರೆಗೆ 80 ವರ್ಷ. ತೊಂಬತ್ತು ದಾಟಿದ ಯೋಧರು ಗಾಲಿಕುರ್ಚಿಯಲ್ಲಿ ಕೂತು ಸಮುದ್ರದ ಕಡೆ ನೋಡುತ್ತಿದ್ದರು. ಬೈಡನ್, ಮ್ಯಾಕ್ರನ್, ಶೋಲ್ಜ್ ಎಲ್ಲ ಇದ್ದರು. ನಮ್ಮ ಅಳಿಯಂದಿರು ಮಾತ್ರ ಮಧ್ಯದಲ್ಲೇ ಎದ್ದು ಲಂಡನ್ನಿಗೆ ಬಂದರು. ಯಾಕೆ? ಐಟಿವಿಯವರಿಗೆ ಸಂದರ್ಶನ ಕೊಡಲು. ಆ ಸಂದರ್ಶನದಲ್ಲಿ ಹೇಳಿದ್ದೇನು? ಚಿಕ್ಕವರಿದ್ದಾಗ ನಿಮಗೆ ಏನು ಸಿಗಲಿಲ್ಲ ಎಂದು ಕೇಳಿದ್ದಕ್ಕೆ, ನಮ್ಮ ಮನೆಯಲ್ಲಿ ಸ್ಕೈ ಟಿವಿ ಇರಲಿಲ್ಲ ಅಂದರು.

ಸ್ಕೈ ಟಿವಿ ಅಂದರೆ ಚಂದಾ ಕಟ್ಟಿ ಡಿಶ್ ಹಾಕಿಸಿಕೊಳ್ಳುವ ಟಿವಿ. ಅಪ್ಪ ಡಾಕ್ಟರ್, ಅಮ್ಮನದು ಔಷಧಿ ಅಂಗಡಿ, ಮಗ ಓದಿದ್ದು ವಿಂಚೆಸ್ಟರ್ ಕಾಲೇಜ್ ಎಂಬ ದುಬಾರಿ ಶಾಲೆಯಲ್ಲಿ. ಆ ಶಾಲೆಯ ಫೀಸು ಕಟ್ಟಿ ಡಿಶ್ ಬಿಟ್ಟರಂತೆ. ನಮ್ಮ ಬೀದಿಯಲ್ಲಿ ಒಂದೇ ಟಿವಿ ಇತ್ತು. ಅದರ ಯಜಮಾನರ ಮನೆ ಕಿಟಕಿಯ ಸರಳು ಹಿಡಿದು ಭಾನುವಾರ ನಿಲ್ಲುತ್ತಿದ್ದೆವು. ಸೊಳ್ಳೆ ಕಚ್ಚಿದರೂ ಕೈ ಬಿಡುವಂತಿರಲಿಲ್ಲ, ಜಾಗ ಹೋಗುತ್ತಿತ್ತು. ಆ ಲೆಕ್ಕದಲ್ಲಿ ನಮ್ಮ ಇಡೀ ಬೀದಿ ಬ್ರಿಟನ್ನಿನ ಪ್ರಧಾನಿ ಆಗಬಹುದಿತ್ತು. ಯಾರೂ ಹೇಳಲೇ ಇಲ್ಲ.

ಆ ಕಡೆ ಲೇಬರ್ ನಾಯಕ ಕೀರ್ ಸ್ಟಾರ್ಮರ್. ಇವರ ಬಡತನ ಅಸಲಿ ಮಾಲು, ಒಪ್ಪಲೇಬೇಕು. ಅಪ್ಪ ಫ್ಯಾಕ್ಟರಿಯಲ್ಲಿ ಟೂಲ್ ಮೇಕರ್, ಅಮ್ಮ ನರ್ಸ್, ಬಿಲ್ ಕಟ್ಟಲಾಗದೆ ಮನೆಯ ಫೋನ್ ಕಟ್ ಆಗಿತ್ತು. ಕಷ್ಟ ಏನೆಂದರೆ ಮಾತಿಗೆ ಮುಂಚೆ ಅದೇ ಬರುತ್ತಿತ್ತು. ತೆರಿಗೆ ಬಗ್ಗೆ ಕೇಳಿದರೂ ಅಪ್ಪ, ಆಸ್ಪತ್ರೆ ಬಗ್ಗೆ ಕೇಳಿದರೂ ಅಪ್ಪ. ಜೂನ್ 12ರಂದು ಗ್ರಿಮ್ಸ್‌ಬಿಯಲ್ಲಿ ಸಭಿಕರ ಮುಂದೆ ಮತ್ತೆ 'ನಮ್ಮಪ್ಪ ಟೂಲ್ ಮೇಕರ್' ಅಂದಾಗ ಜನ ಜೋರಾಗಿ ನಕ್ಕೇಬಿಟ್ಟರು. ಅದನ್ನು ಪ್ರಸಾರ ಮಾಡುತ್ತಿದ್ದ ಚಾನೆಲ್ ಯಾವುದು ಗೊತ್ತಾ? ಸ್ಕೈ. ಒಬ್ಬರಿಗೆ ಅದು ಮನೆಗೆ ಬರಲಿಲ್ಲ, ಇನ್ನೊಬ್ಬರ ಮಾನ ಅದರಲ್ಲಿ ಹೋಯಿತು.

ಆ ನಗು ನನಗೂ ಇಷ್ಟ ಆಗಲಿಲ್ಲ. ಪೀಣ್ಯದ ಯಾವುದೇ ಟೂಲ್ ರೂಮಿಗೆ ಹೋಗಿ ನೋಡಿ. ಕೂದಲೆಳೆಯಷ್ಟು ತಪ್ಪಿದರೂ ಇಡೀ ಡೈ ಗುಜರಿಗೆ. ನಗುವಂಥ ಕೆಲಸ ಅಲ್ಲ ಅದು. ಸ್ಟಾರ್ಮರ್ ಅವರಿಗೂ ಸಿಟ್ಟು ಬಂದಿತ್ತಂತೆ. ಇಡೀ ಪ್ರಚಾರದಲ್ಲಿ ಅವರು ಮನುಷ್ಯರಂತೆ ಕಂಡದ್ದು ಆವಾಗಲೇ. ಅದೇ ಸಭೆಯಲ್ಲಿ ಒಬ್ಬರು ನೀವು ರೋಬೋ ಥರ ಆಗಿಬಿಟ್ಟಿದ್ದೀರಿ ಎಂದು ಮುಖಕ್ಕೇ ಹೇಳಿದ್ದರು. ಆಮೇಲೆ ಗಾರ್ಡಿಯನ್ ಪತ್ರಿಕೆಯವರು ಕನಸು ಬೀಳುತ್ತಾ ಅಂತ ಕೇಳಿದರೆ, ಇಲ್ಲ ಅಂದರು. ಇಷ್ಟದ ಕಾದಂಬರಿ? ಇಲ್ಲ. ಇಷ್ಟದ ಕವಿತೆ? ಇಲ್ಲ. ಯಾವುದಕ್ಕಾದರೂ ಭಯ? ಅದೂ ಇಲ್ಲ. ನಮ್ಮಲ್ಲಾದರೆ ಇಂಥ ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ ಕೊಡಿಸಿ ಬೇಗ ಮದುವೆ ಮಾಡುತ್ತಾರೆ. ಅಲ್ಲಿ ದೇಶ ಕೊಟ್ಟರು.

ಲಿಬರಲ್ ಡೆಮಾಕ್ರಾಟ್ ನಾಯಕ ಎಡ್ ಡೇವಿ ಅವರದು ಬೇರೆಯೇ ದಾರಿ. ವಿಂಡರ್‌ಮಿಯರ್ ಸರೋವರದಲ್ಲಿ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತ ನೀರಿಗೆ ಬಿದ್ದರು. ಎದ್ದರು, ಮತ್ತೆ ಬಿದ್ದರು. ಕೊನೆಗೆ ಹಗ್ಗ ಕಟ್ಟಿಸಿಕೊಂಡು ಆಕಾಶದಿಂದಲೂ ಹಾರಿದರು. ಕೆರೆ ನದಿಗೆಲ್ಲ ಕೊಳಚೆ ಬಿಡುತ್ತಿದ್ದಾರೆ ಎಂದು ಹೇಳಬೇಕಿತ್ತಂತೆ. ಸುಮ್ನೆ ಹೇಳಿದರೆ ಯಾವ ಕ್ಯಾಮೆರಾವೂ ಬರುವುದಿಲ್ಲವಲ್ಲ.

ಫಲಿತಾಂಶದ ದಿನ ಸುನಕ್ ಅವರ ಕ್ಷೇತ್ರದ ವೇದಿಕೆ ನೋಡಬೇಕಿತ್ತು. ಅಲ್ಲಿನ ಪದ್ಧತಿಯಂತೆ ಅಭ್ಯರ್ಥಿಗಳೆಲ್ಲ ಸಾಲಾಗಿ ನಿಲ್ಲಬೇಕು. ಪ್ರಧಾನಿ ಬಾಡಿದ ಮುಖದಲ್ಲಿ ಕೈಕಟ್ಟಿ ನಿಂತಿದ್ದರೆ, ಅದೇ ಸಾಲಿನಲ್ಲಿ ತಲೆಗೆ ಕಸದ ಡಬ್ಬಿ ತೊಟ್ಟ ಕೌಂಟ್ ಬಿನ್‌ಫೇಸ್ ಎಂಬ ಮಹಾನುಭಾವ. ಅವನಿಗೆ 308 ಮತ. ಇಡೀ ವೇದಿಕೆಯಲ್ಲಿ ತಾನು ಏನೆಂದು ಮುಚ್ಚಿಡದೆ ನಿಂತವನು ಅವನೊಬ್ಬನೇ ಅನಿಸಿತು.

ಸುನಕ್ ಪಕ್ಷದ 365 ಇದ್ದ ಸೀಟು 121ಕ್ಕೆ ಇಳಿಯಿತು. ಅಳಿಯ ಮನೆ ತೊಳಿಯ ಅಂತ ನಮ್ಮ ಹಿರಿಯರು ಅದಕ್ಕೇ ಹೇಳಿದ್ದು. ಆದರೆ ಪಾಪ, ಈ ಮನೆಯನ್ನು ಇವರ ಹಿಂದಿನ ಪ್ರಧಾನಿ ಲಿಜ್ ಟ್ರಸ್ ಮೊದಲೇ ಮುಕ್ಕಾಲು ತೊಳೆದಿಟ್ಟಿದ್ದರು.

ಇನ್ನು ಲೆಕ್ಕ. ಲೇಬರ್‌ಗೆ ಬಂದದ್ದು ಶೇ 33.7 ಮತ, 411 ಸೀಟು. ಸುನಾಮಿ ಅಂದರು. ಅದೇ ಪಕ್ಷ 2017ರಲ್ಲಿ ಜೆರೆಮಿ ಕಾರ್ಬಿನ್ ಕೈಯಲ್ಲಿ ಶೇ 40 ಮತ ಪಡೆದಿತ್ತು. ಆಗ ಸೋಲು. ನೀರಿಗೆ ಬಿದ್ದ ಡೇವಿಯವರಿಗೆ ಶೇ 12 ಮತಕ್ಕೆ 72 ಸೀಟು, ಮಿಲ್ಕ್‌ಶೇಕ್ ಎರಚಿಸಿಕೊಂಡ ನೈಜಲ್ ಫರಾಜ್ ಅವರ ಪಕ್ಷಕ್ಕೆ ಶೇ 14 ಮತಕ್ಕೆ 5. ಹತ್ತರಲ್ಲಿ ನಾಲ್ಕು ಜನ ಮತಗಟ್ಟೆ ಕಡೆ ತಲೆಯನ್ನೇ ಹಾಕಲಿಲ್ಲ. ಈ ವ್ಯವಸ್ಥೆಯನ್ನೇ ನಾವು ಅವರಿಂದ ಕಲಿತದ್ದು, ಆದ್ದರಿಂದ ನಗುವ ಹಕ್ಕು ನಮಗಿಲ್ಲ.

ಇಷ್ಟಕ್ಕೇ ಈ ಅಂಕಣ ಮುಗಿಸೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮೊನ್ನೆ ಜುಲೈ 23ರ ಸುದ್ದಿ ಬಂತು.

ಬ್ರಿಟನ್ನಿನಲ್ಲಿ ಆಗ ಒಂದು ನಿಯಮ ಇತ್ತು. ಬಡ ಕುಟುಂಬಕ್ಕೆ ಸರ್ಕಾರ ಕೊಡುತ್ತಿದ್ದ ಮಕ್ಕಳ ಭತ್ಯೆ ಎರಡೇ ಮಕ್ಕಳಿಗೆ. 2017ರ ಏಪ್ರಿಲ್ ನಂತರ ಹುಟ್ಟಿದ ಮೂರನೇ ಮಗುವಿಗೆ ಇರಲಿಲ್ಲ. ಮಾಡಿದ್ದು ಕನ್ಸರ್ವೇಟಿವ್ ಪಕ್ಷ. ಅದನ್ನು ತೆಗೆಯಿರಿ ಎಂಬ ತಿದ್ದುಪಡಿಗೆ 103 ಮತ ಬಂತು, ವಿರುದ್ಧ 363. ಪರವಾಗಿ ಮತ ಹಾಕಿದ 7 ಲೇಬರ್ ಸಂಸದರನ್ನು ಸ್ಟಾರ್ಮರ್ ಆರು ತಿಂಗಳು ಪಕ್ಷದ ಗುಂಪಿನಿಂದ ಹೊರಗೆ ಹಾಕಿದರು.

ಸ್ಟಾರ್ಮರ್ ಅವರ ಮನೆಯಲ್ಲಿ ಎಷ್ಟು ಮಕ್ಕಳಿದ್ದರು ಗೊತ್ತೇ? ನಾಲ್ಕು. ಆರು ವಾರ ಊರೂರು ತಿರುಗಿ ಅಪ್ಪನ ಬಡತನ ಹೇಳಿದ್ದೇನು, ಕಟ್ ಆದ ಫೋನಿನ ಕಥೆ ಹೇಳಿದ್ದೇನು! ಅದೇ ಬಡತನ ಇವತ್ತು ಮೂರನೇ ಮಗುವಿನ ತಟ್ಟೆಯಲ್ಲಿ ಬಂದು ಕೂತರೆ, ದುಡ್ಡಿಲ್ಲ. ನಾನು ಇದನ್ನು ತಮಾಷೆ ಮಾಡಲು ನೋಡಿದೆ, ಆಗಲಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ಕಾಯುವ ಪಟ್ಟಿಯಲ್ಲಿ ಸುಮಾರು 76 ಲಕ್ಷ ಚಿಕಿತ್ಸೆಗಳು ಬಾಕಿ ಬಿದ್ದಿದ್ದವು. ಪಟ್ಟಿ ಇಳಿಸುತ್ತೇನೆ ಎಂದಿದ್ದ ಸುನಕ್ ಅವರ ಕಾಲದಲ್ಲಿ ಅದು ಇನ್ನೂ ಬೆಳೆಯಿತು. ಸೊಂಟ ಹಿಡಿದುಕೊಂಡು ತಿಂಗಳುಗಟ್ಟಲೆ ಆಪರೇಷನ್‌ಗೆ ಕಾದ ಅಜ್ಜಿಯರ ಎದುರು ಇವರು ಡಿಶ್ ಬಗ್ಗೆ ಮಾತಾಡಿದರು. ಪತ್ರಿಕೆಯವರು ಬರೆದರು. ನಾವು ಓದಿ ನಕ್ಕೆವು. ನಾನೂ ಮೇಲೆ ಅಷ್ಟುದ್ದ ಬರೆದೆನಲ್ಲ, ಸ್ಯಾಂಡ್‌ವಿಚ್ ಬಗ್ಗೆ.

ನಿನ್ನೆ ಗ್ರೂಪಿನಲ್ಲಿ ಚಿಕ್ಕಮ್ಮ ಮತ್ತೆ ಒಂದು ಫೋಟೋ ಹಾಕಿದ್ದಾರೆ. ಜುಲೈ 5ರದು. ಅದೇ 10ನೇ ನಂಬರ್ ಬಾಗಿಲು, ಸುನಕ್ ವಿದಾಯದ ಭಾಷಣ ಮಾಡುತ್ತಿದ್ದಾರೆ. ಹಿಂದೆ ಕೆಂಪು ನೀಲಿ ಬಿಳಿ ಪಟ್ಟೆಯ ಉಡುಪಿನಲ್ಲಿ ಹೆಂಡತಿ ಅಕ್ಷತಾ ನಿಂತಿದ್ದಾರೆ. ಅಲ್ಲಿಯವರು ಆ ಪಟ್ಟೆಯನ್ನೂ ಬಿಡದೆ ಆಡಿಕೊಂಡರು. ಚಿಕ್ಕಮ್ಮನ ಕಣ್ಣು ಪಟ್ಟೆಯ ಮೇಲಿಲ್ಲ. ಕೈಯ ಜಾಗಕ್ಕೆ ಕೆಂಪು ಸುತ್ತು ಹಾಕಿ ಕಳಿಸಿದ್ದಾರೆ. 44 ದಿನ ತಡವಾಗಿ, ಮಡಚಿದ ಹಾಗೇ ಇದೆ, ಛತ್ರಿ.

'ನೋಡಿದ್ಯಾ, ಇತ್ತು' ಎಂದು ಕೆಳಗೆ ಬರೆದಿದ್ದಾರೆ.