ನಾಲ್ಕು ಮೊಳೆಯ ತೂತುಗಳು

ಬರ್ಲಿನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಬಾಗಿಲ ಮುಂದೆ, ಫುಟ್‌ಪಾತಿನ ಕಲ್ಲುಗಳ ನಡುವೆ ಮೂರು ಹಿತ್ತಾಳೆ ಬಿಲ್ಲೆಗಳಿವೆ. ಒಂದೊಂದೂ 10 ಸೆಂಟಿಮೀಟರ್ ಚೌಕ. ಮೇಲೆ ‘ಇಲ್ಲಿ ವಾಸವಾಗಿದ್ದರು’ ಅಂತ ಜರ್ಮನ್‌ನಲ್ಲಿ ಬರೆದಿದೆ. ಕೆಳಗೆ ಹೆಸರು, ಹುಟ್ಟಿದ ವರ್ಷ, ಹಿಡಿದು ಸಾಗಿಸಿದ ದಿನ, ಕೊಂದ ಜಾಗ. ಹಿಟ್ಲರನ ನಾಜಿಗಳು ಕೊಂದ ಯಹೂದಿ ಕುಟುಂಬ: ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರುಮಾಡಿದ ಕೆಲಸ ಇದು. ಇಂಥ ಬಿಲ್ಲೆಗಳು 2023ಕ್ಕೆ ಯುರೋಪಿನಲ್ಲಿ ಒಂದು ಲಕ್ಷ ದಾಟಿದವು.

1938ರ ನವೆಂಬರ್ 9ರ ರಾತ್ರಿ ಇಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನು ಒಡೆದು ಸುಟ್ಟಿದ್ದರು. ಪ್ರತಿ ವರ್ಷ ಆ ದಿನ ನಮ್ಮ ಎರಡನೇ ಮಹಡಿಯ ಅಜ್ಜಿ ಒಂದು ಬಟ್ಟೆ, ಪಾಲಿಷ್ ಟ್ಯೂಬ್ ಹಿಡಿದು ಕೆಳಗೆ ಬರುತ್ತಾರೆ. ಮೊಣಕಾಲಿಗೆ ಒಂದು ಕುಶನ್ ಹಾಕಿಕೊಂಡು ಕೂತು ಬಿಲ್ಲೆಗಳನ್ನು ತಿಕ್ಕುತ್ತಾರೆ. ಮೊದಲ ಸಲ ನೋಡಿದಾಗ ಹುಣಸೆಹಣ್ಣು ಹಾಕಿ ದೀಪ ತಿಕ್ಕುವ ಅಮ್ಮ ನೆನಪಾದರು. “ನಿಮ್ಮ ಸಂಬಂಧಿಕರಾ?” ಅಂತ ಕೇಳಿದೆ. “ಅಲ್ಲ. ನಮ್ಮಪ್ಪ ಸೈನ್ಯದಲ್ಲಿದ್ದರು” ಅಂದರು. ಅಷ್ಟೇ ಹೇಳಿ ಮತ್ತೆ ತಿಕ್ಕತೊಡಗಿದರು.

ಎಲ್ಲ ಜರ್ಮನ್ನರೂ ಹೀಗಿಲ್ಲ. “ಆಗ ನಾನು ಹುಟ್ಟೇ ಇರಲಿಲ್ಲ, ನನಗ್ಯಾಕೆ ಇದೆಲ್ಲ?” ಅನ್ನುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸೆಲರ್ ವಿಲ್ಲಿ ಬ್ರಾಂಟ್ ಪೋಲೆಂಡಿನ ವಾರ್ಸಾದಲ್ಲಿ ಯಹೂದಿಗಳ ಸ್ಮಾರಕದ ಮುಂದೆ, ಒದ್ದೆ ನೆಲದ ಮೇಲೆ ಮಂಡಿಯೂರಿದರು. ಬಾಯಿಂದ ಒಂದು ಮಾತೂ ಬರಲಿಲ್ಲ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ನಾರ್ವೆಗೆ ಓಡಿಹೋಗಿದ್ದ ಮನುಷ್ಯ ಅವರು. ಅವರದು ಯಾವ ತಪ್ಪೂ ಇರಲಿಲ್ಲ. ಆದರೂ ಪತ್ರಿಕೆಯೊಂದು ಜನರನ್ನು ಕೇಳಿದಾಗ ಶೇ. 48 ಮಂದಿ ಅದು ಅತಿಯಾಯಿತು ಅಂದರು, ಸರಿ ಅಂದವರು ಶೇ. 41.

ಹುಟ್ಟಿನಿಂದ ತಪ್ಪು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಹೊಣೆ ಬರುತ್ತದೆ. ಅಪ್ಪನ ಹೊಲ ಬೇಕು, ಅಪ್ಪ ಮಾಡಿದ ಸಾಲ ಬೇಡ ಅಂದರೆ ಊರಲ್ಲಿ ಯಾರು ಒಪ್ಪುತ್ತಾರೆ? ಹರ್ಷನನ್ನು ತಡೆದ ಪುಲಿಕೇಶಿ ‘ನಮ್ಮವನು’ ಅಂತ ಇವತ್ತಿಗೂ ಎದೆಯುಬ್ಬಿಸುತ್ತೇವೆ. ಆಗ ನಾವೂ ಹುಟ್ಟಿರಲಿಲ್ಲ, ಅಲ್ವಾ? ಹೆಮ್ಮೆಗೆ ‘ನಾವು’, ನಾಚಿಕೆಗೆ ‘ಅವರು’ ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಸಾಲ ಮನ್ನಾ ಮಾಡುವವರು ಯಾರು? ಕೊಟ್ಟವರೇ ಮಾಡಬೇಕು. 1904ರಿಂದ 1908ರವರೆಗೆ ಜರ್ಮನಿ ಇಂದಿನ ನಮೀಬಿಯಾದಲ್ಲಿ ಹೆರೆರೊ, ನಾಮಾ ಜನರನ್ನು ಸಾವಿರಗಟ್ಟಲೆ ಕೊಂದಿತು. 2021ರಲ್ಲಿ ಅದು ನರಮೇಧ ಅಂತ ಒಪ್ಪಿ, 30 ವರ್ಷಗಳಲ್ಲಿ 110 ಕೋಟಿ ಯೂರೊ ಕೊಡುತ್ತೇವೆ ಅಂದಿತು. ಮಾತುಕತೆ ನಡೆದದ್ದು ಸರ್ಕಾರ ಸರ್ಕಾರಗಳ ನಡುವೆ. ನಮ್ಮನ್ನು ಸರಿಯಾಗಿ ಕೂರಿಸಿಕೊಂಡು ಮಾತಾಡಲಿಲ್ಲ ಅಂತ ಹೆರೆರೊ, ನಾಮಾ ಮುಖಂಡರಲ್ಲಿ ಅನೇಕರು ಅದನ್ನು ತಿರಸ್ಕರಿಸಿದರು. ಅವರ ಮಾತೇ ಸರಿ. ನೊಂದವರ ಪರವಾಗಿ ಇನ್ಯಾರೋ ಸಹಿ ಹಾಕಿದರೆ ಕ್ಷಮೆ ಸಿಕ್ಕಂತಾಗುವುದಿಲ್ಲ. ಯಹೂದಿಗಳ ವಿಷಯದಲ್ಲಿ ಇಷ್ಟು ಕಲಿತ ದೇಶ ಆಫ್ರಿಕಾದವರ ಮುಂದೆ ಅದನ್ನೇ ಮರೆತದ್ದು ನೋಡಿ ಬೇಸರವಾಯಿತು.

ನಮ್ಮ ಕಥೆ ಏನು? ಜಲಿಯನ್‌ವಾಲಾ ಬಾಗ್‌ಗೆ 100 ವರ್ಷ ತುಂಬಿದಾಗ ಬ್ರಿಟನ್ ಪ್ರಧಾನಿ ತೆರೆಸಾ ಮೇ ‘ತೀವ್ರ ವಿಷಾದ’ ಅಂದರು, ಕ್ಷಮೆ ಕೇಳಲಿಲ್ಲ. ನನಗೂ ಸಿಟ್ಟು ಬಂದಿತ್ತು. ಈಗಲೂ ಇದೆ. ಆದರೆ ಆ ಸಿಟ್ಟಿನ ಜೊತೆಗೇ 1991ರ ಡಿಸೆಂಬರ್ ನೆನಪಾಗುತ್ತದೆ.

ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಗೆಜೆಟ್‌ನಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು. ಜನ ಸತ್ತರು. ಗಂಟುಮೂಟೆ ಕಟ್ಟಿಕೊಂಡು ಹೊಸೂರು ರಸ್ತೆ ಹಿಡಿದವರು ಎಷ್ಟೋ. ಆ ಕಡೆಯೂ ಕನ್ನಡಿಗರ ಮೇಲೆ ಹಲ್ಲೆಯಾಯಿತು, ಅದೂ ನಿಜ. ನಾನಾಗ ಮಿಡ್ಲ್ ಸ್ಕೂಲು. ನಮ್ಮ ಪಕ್ಕದ ಮನೆ ಅಂಕಲ್ ಬಾಗಿಲ ಪಕ್ಕದಲ್ಲಿದ್ದ ತಮಿಳು ಹೆಸರಿನ ಬೋರ್ಡನ್ನು ಒಂದು ಸಂಜೆ ಬಿಚ್ಚಿ ಒಳಗಿಟ್ಟರು. ಸ್ಕ್ರೂಡ್ರೈವರ್ ನಮ್ಮ ಮನೆಯದೇ, ನಾನೇ ತಂದುಕೊಟ್ಟಿದ್ದೆ. ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಉಳಿದವು. ಮಾರನೇ ದಿನ ಕೀಲಿಕೈ ಅಮ್ಮನ ಕೈಗಿಟ್ಟು ಹೊರಟುಹೋದರು. ಎರಡು ತಿಂಗಳ ಮೇಲೆ ವಾಪಸ್ ಬಂದರು. ಬೋರ್ಡು ಮಾತ್ರ ಮತ್ತೆ ಗೋಡೆಗೆ ಬರಲಿಲ್ಲ. ಆಂಟಿ ಎಂದಿನಂತೆ ಮುರುಕು ಕಳಿಸಿದರು, ಅಮ್ಮ ಹೋಳಿಗೆ ಕಳಿಸಿದರು. ಆ ವಿಷಯ ಯಾರೂ ಎತ್ತಲಿಲ್ಲ.

‘ಆದದ್ದು ಆಗಿಹೋಯಿತು’ ಅಂತ ಒಟ್ಟಿಗೆ ಬದುಕುವ ಈ ರೀತಿ ಸಣ್ಣದೇನಲ್ಲ. 2009ರ ಆಗಸ್ಟ್‌ನಲ್ಲಿ, 18 ವರ್ಷ ಮುಸುಕು ಹಾಕಿಕೊಂಡು ನಿಂತಿದ್ದ ತಿರುವಳ್ಳುವರ್ ಪ್ರತಿಮೆ ಹಲಸೂರು ಕೆರೆ ಬಳಿ ಅನಾವರಣಗೊಂಡಿತು. ನಾಲ್ಕೇ ದಿನಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಎದ್ದಿತು. ಆ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ಆದರೆ 1991ರಲ್ಲಿ ಸತ್ತವರ ಹೆಸರು ನನಗೆ ಒಂದೂ ಗೊತ್ತಿಲ್ಲ. ನಮ್ಮ ಬಾಗಿಲ ಮುಂದಿನ ಆ ಮೂವರ ಹೆಸರು ಬಾಯಿಪಾಠ ಆಗಿದೆ. ನಾವು ತೋರಿಸಿದ್ದು ಸ್ನೇಹ, ಸರಿ. ಮರೆಯುವ ಕೆಲಸವನ್ನು ಮಾತ್ರ ನೊಂದವರ ಮೇಲೇ ಹಾಕಿಬಿಟ್ಟೆವು. ಅಂಕಲ್ ಬೋರ್ಡು ಹಾಕಲಿಲ್ಲ ಯಾಕೆ ಅಂತ ನಮ್ಮ ಬೀದಿಯಲ್ಲಿ ಒಬ್ಬರೂ ಕೇಳಲಿಲ್ಲ. ಸ್ಕ್ರೂಡ್ರೈವರ್ ಕೊಟ್ಟ ನಾನೂ ಕೇಳಲಿಲ್ಲ.

ಹೋದ ವಾರ ಅಮ್ಮನಿಗೆ ಫೋನ್ ಮಾಡಿ ವಿಚಾರಿಸಿದೆ. ಅಂಕಲ್ ತೀರಿಕೊಂಡಿದ್ದಾರೆ. ಆಂಟಿ ಮಗಳ ಜೊತೆ ಹೊಸೂರಿನಲ್ಲಿದ್ದಾರಂತೆ. “ಯಾಕೋ, ಇಷ್ಟು ವರ್ಷ ಆದ ಮೇಲೆ?” ಅಂದರು ಅಮ್ಮ. ಜನವರಿಗೆ ಊರಿಗೆ ಹೋಗುತ್ತೇನೆ, ಹೊಸೂರಿಗೆ ಹೋಗಿ ಆಂಟಿಯನ್ನು ನೋಡಬೇಕು ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಬರ್ತೀನಿ” ಅಂದರು.