ಅಮ್ಮ, ಅಳಿಯ ಮತ್ತು ಇಲಿನಾಯ್ ಕುಂಬಳಕಾಯಿ

ಅಕ್ಟೋಬರ್ ಬಂತೆಂದರೆ ನಮ್ಮ ಇಲಿನಾಯ್‌ಗೆ ಕುಂಬಳಕಾಯಿ ಹುಚ್ಚು ಹಿಡಿಯುತ್ತದೆ. ಅಮೆರಿಕದಲ್ಲಿ ಕುಂಬಳ ಅತಿ ಜಾಸ್ತಿ ಬೆಳೆಯುವ ರಾಜ್ಯ ಇದು. ಮೆಟ್ಟಿಲ ಮೇಲೆ, ಸೋಪಿನಲ್ಲಿ, ಕಾಫಿಯಲ್ಲಿ, ಎಲ್ಲೆಲ್ಲೂ ಅದೇ. (ಕಾಫಿಗೆ ಹಾಕುವ ‘ಕುಂಬಳ ಮಸಾಲೆ’ ಅಂದರೆ ಚಕ್ಕೆ, ಲವಂಗ, ಶುಂಠಿ, ಜಾಯಿಕಾಯಿ. ಪಲಾವ್ ವಾಸನೆಯ ಕಾಫಿ, ಅಷ್ಟೇ.)

ಈ ಸಲ ಅಮ್ಮ ಊರಿಂದ ಬಂದಿದ್ದಳು. ಕುಂಬಳದ ಹೊಲ ತೋರಿಸಲು ಕರೆದುಕೊಂಡು ಹೋದೆವು. ಒಳಗೆ ಹೋಗಲು ಟಿಕೆಟ್, ಹುಲ್ಲು ತುಂಬಿದ ಟ್ರ್ಯಾಕ್ಟರ್ ಗಾಡಿಯಲ್ಲಿ ಕೂರಲು ಇನ್ನೊಂದು ಟಿಕೆಟ್, ಆಮೇಲೆ ಕೆಸರಲ್ಲಿ ನಾವೇ ಕಾಯಿ ಆರಿಸಿ ನಾವೇ ಹೊತ್ತು ತಂದರೆ ತೂಕಕ್ಕೆ ಬೇರೆ ದುಡ್ಡು. "ಕಂಡವರ ಹೊಲದಲ್ಲಿ ದುಡಿದು ಅವರಿಗೇ ಕೂಲಿ ಕೊಡ್ತೀರಲ್ಲೇ" ಅಂದಳು ಅಮ್ಮ. ಊರಲ್ಲಿ ಹಿತ್ತಲ ಬಳ್ಳಿ ಕಾಯಿ ಬಿಟ್ಟರೆ ಬೇಡ ಅಂದವರ ಕೈಗೂ ತುರುಕಿ ಕಳಿಸುತ್ತೇವೆ, ಅಲ್ವಾ.

ಅಕ್ಟೋಬರ್ ಕೊನೆಗೆ ಬರುವ ದೆವ್ವಗಳ ಹಬ್ಬ ಹ್ಯಾಲೋವೀನ್‌ಗೆ ಕುಂಬಳಕಾಯಿಯಲ್ಲಿ ಮುಖ ಕೆತ್ತಬೇಕು. ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದು ಅಂತ ಅಮ್ಮ ಚಾಕು ಕಿತ್ತು ಅಳಿಯನ ಕೈಗೆ ಕೊಟ್ಟಳು. ಈರುಳ್ಳಿ ಹೆಚ್ಚಲೂ ಯೂಟ್ಯೂಬ್ ನೋಡುವ ಆಸಾಮಿ. ಹಲ್ಲು ಕೆತ್ತಲು ಹೋಗಿ ಇಡೀ ದವಡೆ ಉದುರಿಸಿದ. ಟೂತ್‌ಪಿಕ್ ಚುಚ್ಚಿ ನಿಲ್ಲಿಸಿದೆವು. ದೆವ್ವ ಓಡಿಸಬೇಕಾದ ಮುಖ ಹಲ್ಲುನೋವಲ್ಲಿ ನರಳುತ್ತಿತ್ತು. ಮಾರನೇ ದಿನ ಅಳಿಲುಗಳು ಮೂಗೂ ತಿಂದವು. ಕುಂಬಳಕಾಯಿ ಕಳ್ಳ ಅಂತ ಬೈದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಸಂಕೋಚವೂ ಅವಕ್ಕಿಲ್ಲ.

ಒಳಗಿನ ತಿರುಳು ಎಸೆಯಲು ಅಮ್ಮ ಬಿಡಲಿಲ್ಲ. ಹುಳಿ ಮಾಡಿದಳು. ಬರೀ ನೀರು, ನಾರು. ಕೆತ್ತುವ ಕಾಯಿಯನ್ನು ರುಚಿಗೆ ಬೆಳೆಸಿರುವುದಿಲ್ಲ. ಪೈ ಅನ್ನೋ ಇಲ್ಲಿನ ಸಿಹಿತಿಂಡಿ ಮಾಡಲು ಡಬ್ಬಿಯಲ್ಲಿ ಕುಂಬಳ ಬರುತ್ತದಲ್ಲ, ಅದು ನಮ್ಮ ಸಿಹಿಗುಂಬಳದ ಹತ್ತಿರದ ನೆಂಟ. ಬೀಜ ಮಾತ್ರ ಉಪ್ಪು ಖಾರ ಹಾಕಿ ಹುರಿದಾಗ ಕ್ಷಣದಲ್ಲಿ ಖಾಲಿ.

ಅಮ್ಮನಿಗೆ ಇದಕ್ಕಿಂತ ದೊಡ್ಡ ಕೊರಗು ಆಯುಧಪೂಜೆಯದು. ಇಂಡಿಯನ್ ಅಂಗಡಿಯಲ್ಲಿ ಬೂದುಗುಂಬಳ ಸಿಕ್ಕಿದ್ದು ಹೋಳಾಗಿ, ಪ್ಲಾಸ್ಟಿಕ್ ಸುತ್ತಿಕೊಂಡು. ಹೋಳನ್ನು ಹೇಗೆ ನಿವಾಳಿಸುವುದು? ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಸುಮ್ನಾಗಿದ್ದಳು.

ಇಲ್ಲಿ ಹ್ಯಾಲೋವೀನ್ ಮುಗಿದ ಮೇಲಿನ ಶನಿವಾರ ಹಲವು ಊರುಗಳಲ್ಲಿ ಕುಂಬಳಕಾಯಿ ಒಡೆಯುವ ಕಾರ್ಯಕ್ರಮ ಇರುತ್ತದೆ. ಕಸದ ಗುಡ್ಡಕ್ಕೆ ಹೋಗದೆ ಗೊಬ್ಬರವಾಗಲಿ ಅಂತ. ವಿಷಯ ಕೇಳಿದ್ದೇ ತಡ ಅಮ್ಮ ಹೊಸ ಚೈತನ್ಯದಿಂದ ಎದ್ದಳು. ಮೂಗಿಲ್ಲದ, ದವಡೆಯಿಲ್ಲದ ಆ ಕಾಯಿಗೆ ಕುಂಕುಮ ತುಂಬಿ, ಕಾಲು ಡಾಲರ್ ನಾಣ್ಯ ಹಾಕಿ, ಕಾರಿಗೆ ನಿವಾಳಿಸಿ ಅಳಿಯನ ಕೈಲಿ ಒಡೆಸಿದಳು. ಕೆಂಪು ನೋಡಿ ಪಕ್ಕದ ಮಗು ಕಿಟಾರನೆ ಕಿರುಚಿತು. ಸ್ವಯಂಸೇವಕಿಯೊಬ್ಬಳು ಓಡಿ ಬಂದು, ಗೊಬ್ಬರಕ್ಕೆ ಲೋಹ ಬೀಳಬಾರದು ಅಂತ ತಿರುಳಲ್ಲಿ ಹುಡುಕಿ, ನಾಣ್ಯವನ್ನು ತೊಳೆದು ನಗುತ್ತಾ ಅಮ್ಮನ ಕೈಗೇ ವಾಪಸ್ ಕೊಟ್ಟಳು.

ದೃಷ್ಟಿ ತೆಗೆದ ದುಡ್ಡು ಮನೆಗೆ ತರುವಂತಿಲ್ಲ. ಅಳಿಯ ಪಾರ್ಕಿಂಗ್ ಮೀಟರಿಗೆ ಹಾಕಿಬಿಟ್ಟ. ದೃಷ್ಟಿ ಈಗ ನಗರಸಭೆಯದ್ದು.